ಊರಿಗೊಬ್ರು ಇದ್ರೂ ಸ್ಮರಣ ಸಂಚಿಕೆ ತರೋದು ಹೇಗೆ: ಫೈಲ್ ಕಳಿಸ್ಬೇಡಿ, ಲಿಂಕ್ ಕಳಿಸಿ

ಶಾಲೆಗೆ ಐವತ್ತು ವರ್ಷ ತುಂಬುತ್ತೆ, ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸ್ಮರಣ ಸಂಚಿಕೆ ತರೋಣ ಅಂತ ತೀರ್ಮಾನ ಆಗುತ್ತೆ, ಒಬ್ರು ಬೆಂಗಳೂರು, ಒಬ್ರು ಹುಬ್ಳಿ, ಒಬ್ರು ದುಬೈ, ಇನ್ನೊಬ್ರು ನ್ಯೂಜೆರ್ಸಿ, ತಕ್ಷಣ ಒಂದು ವಾಟ್ಸಾಪ್ ಗ್ರೂಪ್ ಮಾಡಿ ಕೆಲಸ ಶುರು ಮಾಡ್ತಾರೆ. ಎರಡು ತಿಂಗಳು ಕಳೆಯೋಷ್ಟ್ರಲ್ಲಿ ಒಂದೇ ಲೇಖನದ ಆರು ಫೈಲ್ ಆ ಗ್ರೂಪಲ್ಲಿ ಇರ್ತವೆ, ಫೈನಲ್, ಫೈನಲ್ ಹೊಸದು, ಫೈನಲ್ ತಿದ್ದಿದ್ದು ಅಂತ. ಇಂಥ ಮೂರು ಸಂಚಿಕೆಗೆ ನಾನು ಕೆಲಸ ಮಾಡಿದೀನಿ. ಮೊದಲನೇದ್ರಲ್ಲಿ, ತೀರಿಕೊಂಡ ಮೇಷ್ಟ್ರೊಬ್ಬರ ನೆನಪಿನ ಲೇಖನ ತಿದ್ದದೇ ಇರೋ ಪ್ರತಿಯೇ ಅಚ್ಚಾಗಿಹೋಯ್ತು, ಅವರ ಹೆಸರೇ ತಪ್ಪು. ಆ ಪುಸ್ತಕನ ಅವರ ಮನೆಯವರ ಕೈಗೆ ಕೊಡುವಾಗ ಆದ ಸಂಕಟ ಇವತ್ತಿಗೂ ಹೋಗಿಲ್ಲ, ಬೇರೆಯವರಿಗೆ ಹಾಗಾಗೋದು ಬೇಡ ಅಂತ ಇದನ್ನ ಬರೀತಿದೀನಿ.

ಮೊದಲ ಕೆಲಸ, ಸಂಚಿಕೆಗೆ ಅಂತಲೇ ಹೊಸ ಗೂಗಲ್ ಅಕೌಂಟ್ ತೆರೀರಿ. ಯಾರದೋ ಸ್ವಂತ ಜಿಮೇಲಲ್ಲಿ ಬೇಡ, ಅವರಲ್ಲಿ ಆಗ್ಲೇ ಮಕ್ಕಳ ವಿಡಿಯೋ ತುಂಬ್ಕೊಂಡಿರುತ್ತೆ, ಪುಕ್ಕಟೆ ಸಿಗೋ 15 ಜಿಬಿ ಜಿಮೇಲು, ಡ್ರೈವು, ಫೋಟೋಸ್ ಮೂರಕ್ಕೂ ಸೇರಿಸಿ ಅಷ್ಟೇ. ಪಾಸ್‌ವರ್ಡ್ ಇಬ್ಬರ ಹತ್ರ ಇರ್ಲಿ. ಡ್ರೈವಲ್ಲಿ ಮೂರೇ ಫೋಲ್ಡರ್ ಮಾಡಿ: ಬಂದಿದ್ದು, ತಿದ್ದೋದು, ಪ್ರೆಸ್ಸಿಗೆ.

ಆಮೇಲೆ ಅದೇ ಡ್ರೈವಲ್ಲಿ ಒಂದು ಗೂಗಲ್ ಶೀಟ್. ಲೇಖನದ ಹೆಸರು, ಬರೆಯೋರು, ಈಗ ಯಾರ ಹತ್ರ ಇದೆ, ಕೊನೇ ದಿನ, ಲಿಂಕ್, ಇಷ್ಟೇ ಕಾಲಂ. ಯಾರ ಕೆಲಸ ಎಲ್ಲಿಗೆ ಬಂತು ಅಂತ ತೋರಿಸೋ ಟ್ರೆಲ್ಲೋ ಆ್ಯಪ್ ಹಾಕೋಣ ಅಂತ ಐಟಿಯಲ್ಲಿರೋರು ಯಾರಾದ್ರೂ ಹೇಳೇ ಹೇಳ್ತಾರೆ, ಚೆನ್ನಾಗಿದೆ ನಿಜ, ಆದ್ರೆ ಪುಕ್ಕಟೆ ಪ್ಲಾನಲ್ಲಿ ಒಂದು ವರ್ಕ್‌ಸ್ಪೇಸಿಗೆ 10 ಜನ ಮಾತ್ರ, ಅದೂ ಅಲ್ದೆ ಎಪ್ಪತ್ತು ದಾಟಿದ ಮೇಷ್ಟ್ರಿಗೆ ಅದನ್ನ ಕಲಿಸೋಷ್ಟ್ರಲ್ಲಿ ಎರಡು ಲೇಖನ ತಿದ್ದಿ ಮುಗಿಸ್ಬಹುದು. ಶೀಟ್ ಸಾಕು.

ಈಗ ಎಲ್ಲರೂ ಎಡವೋ ಜಾಗ, ಇಲ್ಲಿ ನಿಧಾನವಾಗಿ ಓದಿ. ಬರೋ ಲೇಖನಗಳಲ್ಲಿ ಅರ್ಧ, ನುಡಿ ಇಲ್ಲಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದಾಗಿರುತ್ತೆ. ಅದನ್ನ, ಎಲ್ಲರೂ ಒಂದೇ ಪ್ರತಿಯಲ್ಲಿ ಆನ್‌ಲೈನಲ್ಲೇ ತಿದ್ದೋ ಗೂಗಲ್ ಡಾಕ್ಸಲ್ಲಿ ತೆರೆದ್ರೆ ಕನ್ನಡದ ಬದಲು ತಲೆ ಮೇಲೆ ಕೊಂಬು ಬಂದಿರೋ ಇಂಗ್ಲಿಷ್ ಅಕ್ಷರಗಳ ಸಾಲು ಕಾಣ್ಸುತ್ತೆ, ನೋಡಿದವರು ಫೈಲ್ ಕೆಟ್ಟಿದೆ ಮತ್ತೆ ಕಳ್ಸಿ ಅಂತಾರೆ, ಅವರು ಮತ್ತೆ ಅದನ್ನೇ ಕಳಿಸ್ತಾರೆ. ಫೈಲ್ ಕೆಟ್ಟಿರಲ್ಲ. ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನ ಕೂರಿಸಿರ್ತಾರೆ, ಆ ಫಾಂಟ್ ಇಲ್ಲದ ಕಡೆ ಒಳಗಿರೋ ಇಂಗ್ಲಿಷ್ ಅಕ್ಷರ ಹೊರಗೆ ಕಾಣುತ್ತೆ. ಯೂನಿಕೋಡಲ್ಲಿ, ಅಂದ್ರೆ ಬೇರೆ ಬೇರೆ ಭಾಷೆಯ ಅಕ್ಷರಗಳಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟಿರೋ ಏರ್ಪಾಡಲ್ಲಿ, ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗ ಇದೆ, ಅದಕ್ಕೆ ಬದಲಾಯಿಸಿಕೊಳ್ಳದೆ ಆನ್‌ಲೈನಲ್ಲಿ ಒಟ್ಟಿಗೆ ತಿದ್ದೋದು ಆಗದ ಮಾತು.

ಕನ್ವರ್ಟರ್ ಪುಕ್ಕಟೆ ಸಿಗ್ತವೆ, ಅಂಟಿಸಿ ಬಟನ್ ಒತ್ತಿದ್ರೆ ಆಯ್ತು. ಆದ್ರೆ ಬದಲಾಗಿದ್ದನ್ನ ಯಾರೂ ಓದಿ ನೋಡಲ್ಲ, ತಪ್ಪಾಗೋದೇ ಅಲ್ಲಿ. ಮೂರು ಕಡೆ ಕಣ್ಣಿಡಿ. ಒಂದು, ಅರ್ಕಾವತ್ತು. ಹಳೇ ಫಾಂಟಲ್ಲಿ ಅದು ಅಕ್ಷರ ಆದ್ಮೇಲೆ ಕೂರುತ್ತೆ, ಯೂನಿಕೋಡಲ್ಲಿ ರ ಮೊದಲೇ ಬರ್ಬೇಕು, ಹಾಗಾಗಿ ಧರ್ಮ, ಸೂರ್ಯ, ವರ್ಷ ಥರದ ಪದಗಳನ್ನ ಒಂದೊಂದಾಗಿ ನೋಡಿ. ಎರಡು, ಮಧ್ಯೆ ಇಂಗ್ಲಿಷಲ್ಲಿ ಇದ್ದ ಹೆಸರು, ಇಮೇಲ್ ವಿಳಾಸ ಎಲ್ಲ, ಕನ್ವರ್ಟರಿಗೆ ಅದು ಇಂಗ್ಲಿಷ್ ಅಂತ ಗೊತ್ತಾಗಲ್ಲ, ಅದನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತೆ, ಮೂಲ ಫೈಲ್ ಪಕ್ಕದಲ್ಲಿಟ್ಕೊಂಡು ಕೈಯಲ್ಲೇ ಟೈಪ್ ಮಾಡ್ಬೇಕು. ಮೂರು, ಅಂಕಿಗಳು, ಒಂದು ಲೇಖನದಲ್ಲಿ ಕನ್ನಡ ಅಂಕಿ ಇನ್ನೊಂದರಲ್ಲಿ ಇಂಗ್ಲಿಷ್ ಅಂಕಿ ಆಗಿರ್ತವೆ, ಯಾವುದಾದ್ರೂ ಒಂದು ಇಟ್ಕೊಳಿ. ಪಿಡಿಎಫಲ್ಲಿ ಕಳಿಸಿದ್ರೆ ತಗೋಳ್ಳಲೇ ಬೇಡಿ, ಪಿಡಿಎಫನ್ನ ವರ್ಡ್ ಮಾಡಿಕೊಡ್ತೀವಿ ಅನ್ನೋ ಸೈಟುಗಳು ಕನ್ನಡದ ಒತ್ತಕ್ಷರನೆಲ್ಲ ಚೆಲ್ಲಾಪಿಲ್ಲಿ ಮಾಡ್ತವೆ, ಮೂಲ ಫೈಲೇ ಕೇಳಿ.

ಕೈಬರಹದಲ್ಲಿ ಬಂದ್ರೆ ಡಾಕ್ಸಲ್ಲಿ ವಾಯ್ಸ್ ಟೈಪಿಂಗ್ ಇದೆ, ಭಾಷೆ ಕನ್ನಡ ಅಂತ ಆರಿಸಿ ಗಟ್ಟಿಯಾಗಿ ಓದಿ, ಅದೇ ಬರ್ಕೊಳುತ್ತೆ. ಅಲ್ಪವಿರಾಮ, ಪೂರ್ಣವಿರಾಮ ನೀವೇ ಹಾಕ್ಬೇಕು.

ಇನ್ನೊಂದು ಎಡವಟ್ಟು, ವರ್ಡ್ ಫೈಲನ್ನ ಡ್ರೈವಿಗೆ ಹಾಕಿ ಹಾಗೇ ತೆರೆದು ತಿದ್ದೋದು. ಫೈಲ್ ಮೆನುವಲ್ಲಿ ಗೂಗಲ್ ಡಾಕ್ಸ್ ಆಗಿ ಸೇವ್ ಮಾಡೋ ಆಯ್ಕೆ ಇದೆ, ಅದನ್ನ ಒತ್ತಿದ್ರೆ ಹೊಸ ಪ್ರತಿ ಹುಟ್ಟುತ್ತೆ, ಹಳೇದನ್ನ ಆ ಕ್ಷಣವೇ ಬಂದಿದ್ದು ಫೋಲ್ಡರಿಗೆ ಸರಿಸಿ. ಇಲ್ಲಾಂದ್ರೆ ನ್ಯೂಜೆರ್ಸಿಯವರು ಒಂದ್ರಲ್ಲಿ, ಹುಬ್ಳಿಯವರು ಇನ್ನೊಂದ್ರಲ್ಲಿ ತಿದ್ದುತ್ತಾ ಕೂತಿರ್ತಾರೆ.

ಶೇರ್ ಮಾಡುವಾಗ ಎಲ್ಲರಿಗೂ ಎಡಿಟರ್ ಕೊಡ್ಬೇಡಿ, ಇದನ್ನ ಎಷ್ಟು ಸಲ ಹೇಳಿದ್ರೂ ಕಡಿಮೆನೇ. ಸಂಪಾದಕರು ಇಬ್ಬರಿಗೆ ಮಾತ್ರ ಎಡಿಟರ್, ಲೇಖಕರೂ ಸೇರಿ ಮಿಕ್ಕವರಿಗೆಲ್ಲ ಕಮೆಂಟರ್. ಕಮೆಂಟರ್ ಆದವರು ಏನು ತಿದ್ದಿದ್ರೂ ಅದು ಸಲಹೆ ಆಗಿ ಕೂರುತ್ತೆ, ತೆಗೆದ ಪದದ ಮೇಲೆ ಗೆರೆ, ಹಾಕಿದ ಪದ ಬೇರೆ ಬಣ್ಣದಲ್ಲಿ, ಪಕ್ಕದಲ್ಲಿ ಯಾರು ಯಾವಾಗ ತಿದ್ದಿದ್ರು ಅಂತ ಹೆಸರು ಸಮೇತ. ಸಂಪಾದಕರು ಟಿಕ್ ಒತ್ತಿದ್ರೆ ಒಳಗೆ, ಇಂಟು ಒತ್ತಿದ್ರೆ ಹೊರಗೆ. ಲೇಖಕರ ಮನಸ್ಸಿಗೂ ಸಮಾಧಾನ, ನನ್ನ ಸಾಲು ಯಾರು ತೆಗೆದ್ರು ಅಂತ ರಾತ್ರಿ ಹತ್ತಕ್ಕೆ ಫೋನ್ ಬರಲ್ಲ. ಎಡಿಟರ್ ಇರೋ ಇಬ್ರೂ, ತಿದ್ದಿದ್ದೆಲ್ಲ ಹೀಗೆ ಸಲಹೆ ಆಗಿ ಕೂರೋ ಸಜೆಸ್ಟಿಂಗ್ ಮೋಡಲ್ಲೇ ಕೆಲಸ ಮಾಡ್ಲಿ ಅನ್ನೋದು ನನ್ನ ಹಠ. ಲಿಂಕ್ ಇರೋ ಯಾರು ಬೇಕಾದ್ರೂ ತಿದ್ದಬಹುದು ಅನ್ನೋ ಸೆಟ್ಟಿಂಗ್ ಅಂತೂ ಮುಟ್ಟಲೇ ಬೇಡಿ, ಆ ಲಿಂಕ್ ಇನ್ನೊಂದು ಗ್ರೂಪಿಗೆ ಫಾರ್ವರ್ಡ್ ಆಗಲಿಕ್ಕೆ ಒಂದು ದಿನವೂ ಬೇಡ.

ಅನುಮಾನ ಇದ್ರೆ ಆ ಸಾಲಿನ ಪಕ್ಕನೇ ಕಮೆಂಟ್ ಹಾಕಿ, ಅಟ್ ಚಿಹ್ನೆ ಒತ್ತಿ ಸಂಬಂಧಪಟ್ಟವರ ಹೆಸರು ಸೇರಿಸಿ, ಅವರಿಗೆ ಮೇಲ್ ಹೋಗುತ್ತೆ. "ಮೇಷ್ಟ್ರೇ, ಇದು 1978ನೇ ಇಸವಿನಾ 79ನಾ, ನೋಡಿ ಹೇಳ್ತೀರಾ" ಅಂತ ಅಲ್ಲೇ ಕೇಳಿ. ವಾಟ್ಸಾಪಲ್ಲಿ ಕೇಳಿದ್ರೆ ಶುಭೋದಯದ ಹೂವುಗಳ ಕೆಳಗೆ ಹೂತುಹೋಗುತ್ತೆ.

ಒಂದು ಸುತ್ತು ತಿದ್ದೋದು ಮುಗಿದ ಕೂಡ್ಲೇ ಕಂಪ್ಯೂಟರಲ್ಲಿ ಫೈಲ್ ಮೆನು, ವರ್ಷನ್ ಹಿಸ್ಟರಿ, ಅಲ್ಲಿ "ಮೊದಲ ಕರಡು ತಿದ್ದಾಯ್ತು" ಅಂತ ಹೆಸರು ಕೊಡಿ. ಆಮೇಲೆ ಏನೇ ಹೆಚ್ಚುಕಮ್ಮಿ ಆದ್ರೂ ಅಲ್ಲಿಗೆ ವಾಪಸ್ ಹೋಗ್ಬಹುದು, ಹೊಸ ಫೈಲ್ ಮಾಡಿ ಫೈನಲ್ ಅಂತ ಹೆಸರಿಡೋ ಅಗತ್ಯನೇ ಬರಲ್ಲ.

ಫೋಟೋ ವಾಟ್ಸಾಪಲ್ಲಿ ಮಾಮೂಲಿ ಥರ ಕಳಿಸಿದ್ರೆ ಗಾತ್ರ ಇಳಿದುಹೋಗುತ್ತೆ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ ಇಲ್ಲಾ ನೇರ ಡ್ರೈವಿಗೆ ಹಾಕಿ. ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು, ಅಂದ್ರೆ ನಾಲ್ಕಿಂಚು ಅಗಲ ಹಾಕೋ ಫೋಟೋಗೆ 1200 ಪಿಕ್ಸೆಲ್.

ಮೀಟಿಂಗಿಗೆ ಶನಿವಾರ ನಮ್ಮ ಸಂಜೆ ಏಳೂವರೆ ಇಟ್ಕೊಳಿ, ದುಬೈಲಿ ಆರು, ನ್ಯೂಜೆರ್ಸಿಲಿ ಬೆಳಗ್ಗೆ ಹತ್ತು. ನವೆಂಬರ್ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಆಮೇಲೆ ಅವರಿಗದು ಒಂಬತ್ತು, ರಾಜ್ಯೋತ್ಸವದ ಹೊತ್ತಿಗೆ ಸಂಚಿಕೆ ತರೋರು ಇದನ್ನ ಮರೆತು ಒಂದು ಮೀಟಿಂಗ್ ಕಳ್ಕೊಳ್ತಾರೆ. ಝೂಮ್ ಪುಕ್ಕಟೆ ಅಕೌಂಟಲ್ಲಿ 40 ನಿಮಿಷಕ್ಕೆ ಕಟ್ ಆಗುತ್ತೆ, ಗೂಗಲ್ ಮೀಟಲ್ಲಿ ಮೂರು ಜನ ದಾಟಿದ್ರೂ 60 ನಿಮಿಷ ಸಿಗುತ್ತೆ, ನಾನು ಮೀಟ್ ಅಂತೀನಿ.

ಪ್ರೆಸ್ಸಿನವರಿಗೆ ಕೇಳ್ಬೇಕಾದ ಒಂದು ಪ್ರಶ್ನೆ ಇದೆ, ಅದನ್ನ ಮೊದಲ ವಾರನೇ ಕೇಳಿ: ಪುಟ ಕಟ್ಟೋ ಸಾಫ್ಟ್‌ವೇರ್ ಯಾವುದು, ಇನ್‌ಡಿಸೈನಾ, ಪೇಜ್‌ಮೇಕರಾ? ಪೇಜ್‌ಮೇಕರ್ 2001ರಲ್ಲಿ ಬಂದ 7.0ಗೇ ನಿಂತಿದೆ, ಯೂನಿಕೋಡ್ ಕನ್ನಡ ಅದಕ್ಕೆ ಗೊತ್ತಿಲ್ಲ, ಹಾಗಾಗಿ ನೀವು ಕಷ್ಟಪಟ್ಟು ಯೂನಿಕೋಡ್ ಮಾಡಿದ್ದನ್ನ ಅವರು ತಿರುಗಿಸಿ ನುಡಿ ಮಾಡ್ಕೊಳ್ತಾರೆ, ಅರ್ಕಾವತ್ತು, ಇಂಗ್ಲಿಷ್ ಪದ ಎಲ್ಲ ಮತ್ತೆ ಮೊದಲಿಂದ ನೋಡ್ಬೇಕು. ಸಾಧ್ಯ ಆದ್ರೆ ಇನ್‌ಡಿಸೈನ್ ಇರೋ ಕಡೆಗೇ ಹೋಗಿ. ಎಲ್ಲಿ ಕೊಟ್ರೂ, ಪ್ರೆಸ್ಸಿಗೆ ಹೋದ ದಿನ ಡಾಕ್ಸಲ್ಲಿ ಎಲ್ಲರನ್ನೂ ವ್ಯೂವರ್ ಮಾಡಿಬಿಡಿ. ಅಲ್ಲಿಂದ ತಿದ್ದೋದು ಪುಟದ ಪ್ರೂಫಲ್ಲಿ ಮಾತ್ರ, ಪ್ರೆಸ್ ಜೊತೆ ಮಾತಾಡೋದು ಒಬ್ಬರೇ.

ಪುಸ್ತಕ ಬಂದ್ಮೇಲೆ ಇಡೀ ಫೋಲ್ಡರನ್ನ ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕಿ ಶಾಲೆಗೆ ಕೊಡಿ. ಎರಡು ವರ್ಷ ಯಾರೂ ಮುಟ್ಟದ ಅಕೌಂಟನ್ನ ಗೂಗಲ್ ಅಳಿಸಬಹುದು, ಪ್ರತಿ ವರ್ಷ ಶಾಲೆ ಶುರುವಾಗೋ ಜೂನಲ್ಲಿ ಒಂದ್ಸಲ ಲಾಗಿನ್ ಆಗೋ ಜವಾಬ್ದಾರಿ ಯಾರದು ಅಂತ ಶೀಟಿನ ಕೊನೇ ಸಾಲಲ್ಲಿ ಹೆಸರು ಬರೆದಿಡಿ.