ತುಮಕೂರಿನ ಪಿನ್‌ಕೋಡನ್ನು ಬಿಡಿಸುವ ಬಗೆ

ದೊಡ್ಡ ಸಂಖ್ಯೆಯೊಂದರ ಗುಣಗಳನ್ನು ಅರಿಯಬೇಕಾದರೆ ಮೊದಲು ಅದನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಬೇಕು. ಅಭ್ಯಾಸಕ್ಕೆ ತುಮಕೂರಿನ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 572101 ಅನ್ನು ತೆಗೆದುಕೊಳ್ಳೋಣ.

ಕೊನೆಯ ಅಂಕಿ 1 ಆಗಿರುವುದರಿಂದ 2 ಮತ್ತು 5 ಇದನ್ನು ಭಾಗಿಸುವುದಿಲ್ಲ. ಅಂಕಿಗಳ ಮೊತ್ತ 16 ಆದ್ದರಿಂದ 3 ಕೂಡ ಭಾಗಿಸುವುದಿಲ್ಲ. ಮುಂದಿನ 7, 11, 13ಗಳನ್ನು ಒಂದೊಂದಾಗಿ ಪರೀಕ್ಷಿಸುವುದು ವ್ಯರ್ಥ ಶ್ರಮ. ಇವುಗಳ ಗುಣಲಬ್ಧ 1001 ಆಗಿರುವುದರಿಂದ, ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಒಡೆದು ಒಂದರಿಂದ ಇನ್ನೊಂದನ್ನು ಕಳೆದರೆ ಸಾಕು: 572 − 101 = 471. ಇದನ್ನು ಆ ಮೂರರಲ್ಲಿ ಯಾವುದೂ ಭಾಗಿಸದ ಕಾರಣ ಮೂಲ ಸಂಖ್ಯೆಯನ್ನೂ ಭಾಗಿಸದು. ಇದೇ ಉಪಾಯವನ್ನು ಕೋಲಾರದ 563101ಕ್ಕೆ ಅನ್ವಯಿಸಿದರೆ 462 ಬರುತ್ತದೆ. 7 ಮತ್ತು 11 ಅದನ್ನು ಭಾಗಿಸುವುದರಿಂದ ಕೋಲಾರದ ಸಂಖ್ಯೆ 7 × 11 × 71 × 103 ಎಂದು ಬೇಗನೆ ಬಿಚ್ಚಿಕೊಳ್ಳುತ್ತದೆ.

ತುಮಕೂರಿನದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. 17ರಿಂದ ಭಾಗಿಸಿದಾಗ ಶೇಷವಿಲ್ಲದೆ 33653 ದೊರೆಯುತ್ತದೆ. ಇದರ ವರ್ಗಮೂಲ 183ಕ್ಕಿಂತ ತುಸು ಹೆಚ್ಚು. ಹಾಗಾಗಿ 183ರವರೆಗಿನ ಅವಿಭಾಜ್ಯಗಳನ್ನಷ್ಟೇ, ಮತ್ತೆ 17ರಿಂದಲೇ ಆರಂಭಿಸಿ, ಪರೀಕ್ಷಿಸಬೇಕು. ಇಲ್ಲಿ ತಾಳ್ಮೆ ಬೇಕು: 47ರಿಂದ ಭಾಗಿಸಿದಾಗ ಶೇಷ ಬರೀ 1 ಉಳಿದು ಲೆಕ್ಕ ತಪ್ಪಿತೇನೋ ಎಂಬ ಅನುಮಾನ ಹುಟ್ಟುತ್ತದೆ, ಆದರೆ ತಪ್ಪಿರುವುದಿಲ್ಲ. ಹದಿನೈದನೆಯ ಪ್ರಯತ್ನದಲ್ಲಿ 73 ಸರಿಯಾಗಿ ಭಾಗಿಸಿ 461 ಉಳಿಯುತ್ತದೆ. 73ಕ್ಕಿಂತ ಚಿಕ್ಕ ಅವಿಭಾಜ್ಯಗಳನ್ನೆಲ್ಲ ಆಗಲೇ ತಳ್ಳಿಹಾಕಿರುವುದರಿಂದಲೂ, 461ರ ವರ್ಗಮೂಲ 22ನ್ನೂ ಮುಟ್ಟದಿರುವುದರಿಂದಲೂ, ಅದು ಅವಿಭಾಜ್ಯವೆಂದು ಬೇರೆ ಪರೀಕ್ಷೆಯಿಲ್ಲದೆ ನಿರ್ಧರಿಸಬಹುದು. ಅಂದರೆ 572101 = 17 × 73 × 461.

ಮೂರು ಅವಿಭಾಜ್ಯಗಳು ತಲಾ ಒಂದು ಬಾರಿ ಬಂದಿರುವುದರಿಂದ ಒಟ್ಟು ಅಪವರ್ತನಗಳು 2 × 2 × 2 = 8; ಅವುಗಳ ಮೊತ್ತ 18 × 74 × 462 = 615384.

ನನಗೆ ಎಲ್ಲಕ್ಕಿಂತ ರುಚಿಸುವ ಗುಣ ಇನ್ನೊಂದು. 4ರಿಂದ ಭಾಗಿಸಿದಾಗ 1 ಶೇಷ ಬರುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತವಾಗಿರುತ್ತದೆ. ಇದನ್ನು 18ನೇ ಶತಮಾನದಲ್ಲಿ ಆಯ್ಲರ್ ಸಾಧಿಸಿದನು. ನಮ್ಮ ಮೂರೂ ಅಂಥವೇ: 17 = 4² + 1², 73 = 8² + 3², 461 = 19² + 10². ಅಂಥ ಎರಡು ಮೊತ್ತಗಳನ್ನು ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತವೇ ಬರುತ್ತದೆಂಬ ಸೂತ್ರವು 7ನೇ ಶತಮಾನದ ಬ್ರಹ್ಮಗುಪ್ತನಿಗೆ ತಿಳಿದಿತ್ತು: a² + b² ಮತ್ತು c² + d²ಗಳ ಗುಣಲಬ್ಧ (ac − bd)² + (ad + bc)². ಕೂಡಿಸುವ, ಕಳೆಯುವ ಚಿಹ್ನೆಗಳನ್ನು ಅದಲುಬದಲು ಮಾಡಿದರೆ ಎರಡನೆಯ ಉತ್ತರ ದೊರೆಯುತ್ತದೆ. ಹೀಗೆ ಎರಡು ಹಂತಗಳಲ್ಲಿ ಗುಣಿಸಿದಾಗ ನಾಲ್ಕು ಜೋಡಿಗಳು ಸಿಗುತ್ತವೆ: 751 ಮತ್ತು 90, 705 ಮತ್ತು 274, 670 ಮತ್ತು 351, 625 ಮತ್ತು 426. ಯಾವುದೇ ಜೋಡಿಯ ವರ್ಗಗಳನ್ನು ಕೂಡಿಸಿ ನೋಡಿ, 572101 ಬರಲೇಬೇಕು.

ಕೋಲಾರಕ್ಕೆ ಈ ಭಾಗ್ಯವಿಲ್ಲ. 4ರಿಂದ ಭಾಗಿಸಿದಾಗ 3 ಶೇಷ ಬರುವ ಅವಿಭಾಜ್ಯವೊಂದು ಬೆಸ ಬಾರಿ ಬಂದರೆ ಆ ಸಂಖ್ಯೆ ಎರಡು ವರ್ಗಗಳ ಮೊತ್ತವಾಗಲಾರದು; ಕೋಲಾರದ ನಾಲ್ಕೂ ಅವಿಭಾಜ್ಯ ಅಪವರ್ತನಗಳು ಅಂಥವೇ, ತಲಾ ಒಂದೇ ಬಾರಿ ಬಂದಿವೆ. ಚಿಕ್ಕಬಳ್ಳಾಪುರದ 562101 ಅನ್ನು ಪೂರ್ತಿ ಬಿಡಿಸುವ ಅಗತ್ಯವೂ ಇಲ್ಲ: ಅಂಕಿಗಳ ಮೊತ್ತ 15 ಆದ್ದರಿಂದ 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ, ಅಷ್ಟರಿಂದಲೇ ಅದು ಎರಡು ವರ್ಗಗಳ ಮೊತ್ತವಾಗಲಾರದು.