ಕಾಫಿ ಗೋಣಿಯ ಮೇಲೆ ನಮ್ಮ ಬೀದಿ

ಚಿಲಿ ದೇಶದಲ್ಲಿ 1973ರ ಸೆಪ್ಟೆಂಬರ್ 11ರಂದು ಸೈನ್ಯ ಅಧಿಕಾರ ಹಿಡಿಯಿತು. ಆಮೇಲೆ ಎಷ್ಟೋ ಮನೆಗಳ ಗಂಡಸರು, ಮಕ್ಕಳು ಕಾಣೆಯಾದರು. ಅಲ್ಲಿನ ಹೆಂಗಸರು ಆ ಕತೆಯನ್ನೆಲ್ಲ ಗೋಣಿ ಬಟ್ಟೆಯ ಮೇಲೆ ಚಿಂದಿ ಜೋಡಿಸಿ ಹೊಲಿದರು. ಚರ್ಚಿನವರ ನೆರವಿನಿಂದ ಅವು ಗುಟ್ಟಾಗಿ ಹೊರದೇಶ ಸೇರಿದವು. ಇದನ್ನು ಓದಿದ ದಿನವೇ, ನಮ್ಮ ಬೀದಿಯ ಹೆಂಗಸರನ್ನು ಕೂರಿಸಿ ನಾವೂ ಹೀಗೆ ಹೊಲಿಯಬೇಕು ಎಂದು ನಾನು ತೀರ್ಮಾನ ಮಾಡಿದೆ. ನಮ್ಮ ಚಿಕ್ಕಮಗಳೂರಿನಲ್ಲಿ ಗೋಣಿಗೆ ಬರವೇ? ಕಾಫಿ ತುಂಬುವ ಚೀಲ ಎಲ್ಲಿ ಕೇಳಿದರೂ ಸಿಗುತ್ತದೆ.

ನಮಗೂ ಹೊಲಿಯುವಂಥ ನೋವಿದೆ. ಬಾಬಾಬುಡನ್‌ಗಿರಿ ಅನ್ನಿ, ದತ್ತಪೀಠ ಅನ್ನಿ, ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಆ ಬೆಟ್ಟದ ಗುಹೆ ಯಾರದು ಎಂಬ ಜಗಳ ಹಳೆಯದು. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಹತ್ತಿರವಾದರೆ ಊರ ತುಂಬ ಪೊಲೀಸ್ ಬಂದೋಬಸ್ತ್. ನಮ್ಮ ಬೀದಿಯಲ್ಲಿ ಅಕ್ಕಪಕ್ಕದವರ ಮಾತೂ ಕಮ್ಮಿಯಾಗುತ್ತದೆ.

ಹೊಲಿಯಲು ಕೂತದ್ದು ಮಳೆಗಾಲದಲ್ಲಿ. ಆದರೆ ಚೀಲ ಬಿಚ್ಚಿ ಒಗೆದದ್ದು ಮೇ ತಿಂಗಳ ಬಿಸಿಲಿನಲ್ಲೇ. ಮಳೆ ಹಿಡಿದ ಮೇಲೆ ಗೋಣಿ ಒಣಗುವುದಿಲ್ಲ, ಬೂಷ್ಟು ಬರುತ್ತದೆ. ಅಂಚನ್ನು ಎರಡು ಮಡಿಕೆ ಮಡಿಸಿ ಹೊಲಿಯಬೇಕು, ಇಲ್ಲದಿದ್ದರೆ ಎಳೆ ಬಿಡುತ್ತಲೇ ಇರುತ್ತದೆ. ಗೋಣಿಗೆ ದಬ್ಬಳ, ಮೇಲಿನ ಚಿತ್ರಕ್ಕೆ ಸಣ್ಣ ಸೂಜಿ. ಬಟ್ಟೆ ಹೊಸದು ಬೇಡ. ಉಟ್ಟು ಮೆತ್ತಗಾದ ಕಾಟನ್ ಸೀರೆ, ಲುಂಗಿ, ಮಕ್ಕಳ ಯೂನಿಫಾರಂ ಸಾಕು. ಕೌದಿ ಹೊಲಿದು ಗೊತ್ತಿದ್ದ ಅಜ್ಜಿಯರಿಗೆ ಹೇಳಿಕೊಡುವುದೇನೂ ಇರಲಿಲ್ಲ.

ಪಾರಿವಾಳ, ಘೋಷಣೆ ಎರಡನ್ನೂ ನಾನು ಬೇಡವೆಂದೆ. ಸುಮ್ನೆ ಅಂದವಾಗಿ ಕಾಣುತ್ತವೆ, ಯಾರ ಬಾಯನ್ನೂ ಬಿಡಿಸುವುದಿಲ್ಲ. ನಿಮ್ಮ ಬೀದಿಯಲ್ಲಿ ಕಂಡದ್ದನ್ನೇ ಹೊಲಿಯಿರಿ ಎಂದೆ. ಒಬ್ಬರು ಶಟರ್ ಇಳಿದ ಅಂಗಡಿ ಹೊಲಿದರು. ಇನ್ನೊಬ್ಬರು, ಗಲಾಟೆಯ ರಾತ್ರಿ ಪಕ್ಕದ ಮನೆ ಮಕ್ಕಳನ್ನು ತಮ್ಮಲ್ಲಿ ಮಲಗಿಸಿಕೊಂಡದ್ದನ್ನು.

ನಿಜವಾದ ಕೆಲಸ ನಡೆದದ್ದು ತುಂಡುಗಳನ್ನು ಜೋಡಿಸುವಾಗ. ಒಬ್ಬರು ಮೇಲಿಂದ ದಬ್ಬಳ ಚುಚ್ಚಬೇಕು, ಇನ್ನೊಬ್ಬರು ಹಿಂದಿನಿಂದ ಎಳೆದು ವಾಪಸ್ ಕೊಡಬೇಕು. ಮಾತು ನಿಂತುಹೋಗಿದ್ದ ಮನೆಯವರನ್ನೇ ಎದುರುಬದುರು ಕೂರಿಸಿದೆ. ಕೈಗೆ ಕೆಲಸವಿದ್ದರೆ ಮುಖ ನೋಡದೆಯೂ ಮಾತಾಡಬಹುದು, ಅಲ್ವಾ?

“ಆಪಾ, ಆವತ್ತು ಬಾಗಿಲು ಹಾಕಿಕೊಂಡಿರಲ್ಲ, ನಮ್ಮ ಮೇಲೆ ಕೋಪವಾ?”

“ಕೋಪ ಅಲ್ಲ ಅಕ್ಕ, ಹೆದರಿಕೆ.”

ಬೆಟ್ಟದ ತುಂಡಿಗೆ ಮಾತ್ರ ದೊಡ್ಡ ಜಗಳವೇ ಆಯಿತು. ಮೇಲೆ ಏನು ಹೊಲಿಯಬೇಕು, ಯಾವ ಹೆಸರು ಬರೆಯಬೇಕು? ನಾನು ನಡುವೆ ಬಾಯಿ ಹಾಕಲಿಲ್ಲ. ಆ ಮಾತು ಬೀದಿಯಲ್ಲಿ ಆಗುವ ಬದಲು ಹೊಲಿಗೆಯ ಸುತ್ತ ಆಗಲಿ ಎಂದೇ ನಾನು ಬಯಸಿದ್ದು. ಕೊನೆಗೆ ಹಸಿರು ಸೀರೆಯ ಬೆಟ್ಟ, ಅದನ್ನು ಹತ್ತುವ ಜನ, ಇಷ್ಟಕ್ಕೆ ಎಲ್ಲರೂ ಒಪ್ಪಿದರು.

ಮುಂದಿನ ಮಳೆಗೆ ಗಂಡಸರನ್ನೂ ಕೂರಿಸಬೇಕು ಎಂಬುದು ನಮ್ಮ ಹಟ. ಬೀದಿಯ ಇಬ್ಬರು ಟೈಲರ್‌ಗಳು ಈಗಾಗಲೇ ಹೂಂ ಅಂದಿದ್ದಾರೆ.