ಹಾಡಿನ ತಾಳಕ್ಕೆ ಅನಿಮೆ: ಎಎಂವಿ ಮಾಡುವುದು ಹೇಗೆ?

ಇಷ್ಟದ ಅನಿಮೆಯ (ಜಪಾನಿನ ಅನಿಮೇಷನ್) ದೃಶ್ಯಗಳನ್ನು ಇಷ್ಟದ ಹಾಡಿಗೆ ಹೊಂದಿಸಿದರೆ ಅದೇ ಅನಿಮೆ ಮ್ಯೂಸಿಕ್ ವಿಡಿಯೊ. ಅಭಿಮಾನಿಗಳ ಬಾಯಲ್ಲಿ ಎಎಂವಿ. 1982ರಲ್ಲಿ ಅಮೆರಿಕದ ಜಿಮ್ ಕಪೊಸ್ಟಾಸ್ ಎರಡು ವಿಸಿಆರ್ (ವಿಡಿಯೊ ಕ್ಯಾಸೆಟ್ ರೆಕಾರ್ಡರ್) ಇಟ್ಟುಕೊಂಡು ಮಾಡಿದ್ದೇ ಮೊದಲ ಎಎಂವಿ ಎನ್ನುತ್ತಾರೆ. ಪ್ರೀತಿಯ ಹಾಡಿಗೆ ಅವರು ಹಾಕಿದ್ದು ಹೊಡೆದಾಟದ ದೃಶ್ಯಗಳನ್ನು! ಈಗ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಕೆಡೆನ್‌ಲೈವ್, ಶಾಟ್‌ಕಟ್ ಹೀಗೆ ಯಾವ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಆದರೂ ಆಗುತ್ತದೆ.

ಮೊದಲು ಹಾಡು ಆರಿಸಿ. ಕನ್ನಡದ್ದಾದರೂ ಸರಿ. ಪೂರ್ತಿ ಹಾಡು ಬೇಡ, ಪಲ್ಲವಿ ಮತ್ತು ಒಂದು ಚರಣ ಇಟ್ಟುಕೊಳ್ಳಿ. ಆ ಹಾಡು ಯಾವ ಪಾತ್ರದ ಮನಸ್ಸಿನ ಮಾತು ಅಂತ ಯೋಚಿಸಿ. ಒಂದೇ ಪಾತ್ರ ಹಿಡಿದು ಹೊರಟರೆ ವಿಡಿಯೊಗೆ ಕಥೆ ತಾನಾಗಿ ಬರುತ್ತದೆ.

ಆಮೇಲೆ ದೃಶ್ಯಗಳು. ಚಿತ್ರದ ಮೇಲೆಯೇ ಸಬ್‌ಟೈಟಲ್ ಅಚ್ಚಾಗಿರುವ ಕ್ಲಿಪ್ ಬೇಡ. ಪಾತ್ರ ಮಾತಾಡುತ್ತಾ ಬಾಯಿ ಆಡಿಸುವ ದೃಶ್ಯವನ್ನೂ ಬಿಡಿ, ಹಾಡಿನ ನಡುವೆ ಅದು ಕಣ್ಣಿಗೆ ಚುಚ್ಚುತ್ತದೆ. ಕ್ಲಿಪ್‌ಗಳಿಗೆ ‘ಓಟ’, ‘ಮಳೆ’, ‘ತಿರುಗಿ ನೋಡಿದ್ದು’ ಅಂತ ಹೆಸರಿಟ್ಟರೆ ಮುಂದೆ ಹುಡುಕಾಟ ತಪ್ಪುತ್ತದೆ. ಪ್ರಾಜೆಕ್ಟ್‌ನ ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರ, ಎಂಬ ಲೆಕ್ಕ) ಮೊದಲೇ 23.976ಕ್ಕೆ ಇಡಿ. ಹೆಚ್ಚಿನ ಅನಿಮೆ ಇರುವುದು ಅದರಲ್ಲೇ.

ಈಗ ನಿಜವಾದ ಕೆಲಸ. ಹಾಡು ಓಡುತ್ತಿರುವಾಗ ಬೀಟ್ ಬಿದ್ದ ಕಡೆಯೆಲ್ಲ ಮಾರ್ಕರ್, ಅಂದರೆ ಗುರುತು, ಹಾಕಿ. ರಿಸಾಲ್ವ್‌ನಲ್ಲಿ ‘ಎಂ’ ಕೀ ಒತ್ತಿದರಾಯಿತು. ನಿಮಿಷಕ್ಕೆ 120 ಬೀಟ್ ಇರುವ ಹಾಡಾದರೆ ಸುಮಾರು 12 ಫ್ರೇಮಿಗೆ ಒಂದು ಬೀಟ್. ಹಾಗಂತ ಪ್ರತಿ ಬೀಟಿಗೂ ದೃಶ್ಯ ಬದಲಿಸಬೇಡಿ, ನೋಡುವವರಿಗೆ ಸುಸ್ತಾಗುತ್ತದೆ. ದೃಶ್ಯದ ಒಳಗಿನ ಚಲನೆಯನ್ನು ಬೀಟಿಗೆ ಕೂರಿಸಿ. ಕತ್ತಿಗೆ ಕತ್ತಿ ತಾಗುವುದು, ಬಾಗಿಲು ಬಡಿಯುವುದು, ಮುಚ್ಚಿದ ಕಣ್ಣು ತೆರೆಯುವುದು ಸರಿಯಾಗಿ ಡ್ರಮ್ ಏಟಿಗೆ ಬಿದ್ದಾಗ ಮೈ ಜುಮ್ಮೆನ್ನುತ್ತದೆ. ಎಎಂವಿಯ ಜೀವವೇ ಇದು. ಎಷ್ಟು ಹೊತ್ತಾದರೂ ಸರಿ, ಇಲ್ಲಿ ಅವಸರ ಬೇಡ.

ಅನಿಮೆಯಲ್ಲಿ ಒಂದೇ ಚಿತ್ರ ಎರಡು-ಮೂರು ಫ್ರೇಮ್ ನಿಲ್ಲುವುದು ಸಾಮಾನ್ಯ. ಹಾಗಾಗಿ ಬಾಣದ ಕೀಲಿಯಿಂದ ಒಂದೊಂದೇ ಫ್ರೇಮ್ ಸರಿಸಿ, ಚಿತ್ರ ಬದಲಾಗುವ ಜಾಗ ಹುಡುಕಿ, ಅದನ್ನೇ ಮಾರ್ಕರ್‌ಗೆ ಹೊಂದಿಸಿ. ಸ್ಲೋ ಮೋಷನ್ ಜಾಸ್ತಿ ಬೇಡ ಎನ್ನುವುದೂ ಇದಕ್ಕೇ. ವೇಗ ಅರ್ಧಕ್ಕಿಳಿಸಿದರೆ ಅದೇ ಚಿತ್ರ ನಾಲ್ಕರಿಂದ ಆರು ಫ್ರೇಮ್ ನಿಂತು, ಚಲನೆ ತಡೆತಡೆದು ಕಾಣುತ್ತದೆ.

ಎಫೆಕ್ಟ್‌ಗಳ ಆಸೆ ಸದ್ಯಕ್ಕೆ ಬಿಡಿ. ನೇರ ಕಟ್ ಸಾಕು, ಹಾಡು ನಿಧಾನವಾಗುವ ಕಡೆ ಒಂದೆರಡು ಡಿಸಾಲ್ವ್ (ಒಂದು ದೃಶ್ಯ ಕರಗಿ ಇನ್ನೊಂದು ಮೂಡುವುದು) ಇರಲಿ.

ಕೊನೆಗೆ ಎಚ್.264 ಕೋಡೆಕ್, ಎಂಪಿ4 ಫೈಲ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ. ಮನೆಯಲ್ಲಿ ನೋಡಿ ಖುಷಿಪಡುವುದು ಬೇರೆ, ಯೂಟ್ಯೂಬ್‌ಗೆ ಹಾಕುವುದು ಬೇರೆ. ಅಲ್ಲಿನ ಕಂಟೆಂಟ್ ಐಡಿ ಎಂಬ ಕಾಪಿರೈಟ್ ಪತ್ತೆ ವ್ಯವಸ್ಥೆ ಹಾಡನ್ನೂ ದೃಶ್ಯವನ್ನೂ ಗುರುತಿಸಿ ವಿಡಿಯೊ ತಡೆಯಬಹುದು. ಇನ್ನೊಂದು ಮಾತು: ಮುಗಿಯಿತು ಅಂತ ಕ್ಲಿಪ್‌ಗಳ ಫೋಲ್ಡರ್ ಅಳಿಸಬೇಡಿ. ಸಾಫ್ಟ್‌ವೇರ್ ದೃಶ್ಯಗಳನ್ನು ತೋರಿಸುವುದು ಆ ಫೋಲ್ಡರ್‌ನಿಂದಲೇ, ಅದು ಹೋದರೆ ನಾಳೆ ಒಂದು ಕಟ್ ಸರಿಮಾಡಲು ಕೂತಾಗ ಟೈಮ್‌ಲೈನ್‌ನಲ್ಲಿ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ) ಚಿತ್ರವೇ ಇರುವುದಿಲ್ಲ.